‘ನಾವೂ ಒಂದು ಟ್ರಸ್ಟ್ ಮಾಡಿಸಿಬಿಡೋಣವೇ?’ ಎಂದು ಕೇಳುವವರಿಗೆ

ಮೈಸೂರು, ಮಂಡ್ಯ ಕಡೆ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಕುವೆಂಪುನಗರದಲ್ಲಿ ಮನೆ ಕಟ್ಟಿಸಿ ನಿವೃತ್ತರಾದ ದಂಪತಿ ಕೇಳುತ್ತಾರೆ: ‘ಮಗನಿಗೆ ಬುದ್ಧಿ ಬೆಳವಣಿಗೆ ಕಡಿಮೆ. ನಾವು ಹೋದಮೇಲೆ ಅವನ ಗತಿ ಏನು ಸರ್? ಮನೆಯನ್ನು ಟ್ರಸ್ಟಿಗೆ ಬರೆದರೆ ಆಯ್ತಲ್ಲ?’ ಮದ್ದೂರು ಕಡೆಯ ಯಜಮಾನರದು ಇನ್ನೊಂದು ಲೆಕ್ಕ: ‘ನಮ್ಮಪ್ಪನ ಹೆಸರಲ್ಲಿ ಟ್ರಸ್ಟ್ ಮಾಡಿ ಎರಡೆಕರೆ ಬರೆದರೆ ಟ್ಯಾಕ್ಸೂ ಇರಲ್ವಂತೆ, ದಾಯಾದಿಗಳ ಕಾಟವೂ ಇರಲ್ವಂತೆ?’

ಇಬ್ಬರಿಗೂ ಉತ್ತರ ಒಂದೇ. ಆಸ್ತಿಯನ್ನು ನಿಜವಾಗಿ ಕೈಬಿಡಲು ಮನಸ್ಸಿದ್ದರೆ ಮಾಡಿಸಿ. ಕಾಗದದಲ್ಲಿ ಹೆಸರು ಬದಲಾಗಲಿ, ಯಜಮಾನಿಕೆ ಮಾತ್ರ ನಮ್ಮಲ್ಲೇ ಇರಲಿ ಅನ್ನುವುದಾದರೆ ಬೇಡ.

ಟ್ರಸ್ಟಿನಲ್ಲಿ ಆಸ್ತಿ ಕೊಡುವವರು, ಅದನ್ನು ಇಟ್ಟುಕೊಂಡು ನೋಡಿಕೊಳ್ಳುವ ಟ್ರಸ್ಟಿ, ಅದರ ಫಲ ಉಣ್ಣುವ ಫಲಾನುಭವಿ ಎಂದು ಮೂರು ಸ್ಥಾನಗಳಿವೆ. ಕುಟುಂಬದ ಖಾಸಗಿ ಟ್ರಸ್ಟುಗಳಿಗೆ ಇಂದಿಗೂ 1882ರ ಭಾರತೀಯ ಟ್ರಸ್ಟ್ ಕಾಯ್ದೆಯೇ ಆಧಾರ. ಅದರ 6ನೇ ಸೆಕ್ಷನ್ ಪ್ರಕಾರ ಉದ್ದೇಶ, ಫಲಾನುಭವಿ, ಆಸ್ತಿ ಎಲ್ಲ ಸ್ಪಷ್ಟವಾಗಿರಬೇಕು. ಆಸ್ತಿ ಟ್ರಸ್ಟಿಯ ಹೆಸರಿಗೆ ವರ್ಗವೂ ಆಗಬೇಕು. ಮನೆ, ಜಮೀನು ಇದ್ದರೆ ಟ್ರಸ್ಟ್ ಡೀಡ್ ನೋಂದಣಿಯಾಗಲೇಬೇಕು, ಇಲ್ಲವೇ ಉಯಿಲಿನ ಮೂಲಕ ಟ್ರಸ್ಟ್ ಹುಟ್ಟಬೇಕು. ಎಡವುವುದು ಹೆಚ್ಚಾಗಿ ಈ ‘ವರ್ಗ’ದಲ್ಲೇ. ಡೀಡ್ ಬರೆಸಿ, ಫೋಟೊ ತೆಗೆಸಿಕೊಂಡು, ಸಿಹಿ ಹಂಚಿ ಮನೆಗೆ ಹೋಗುತ್ತಾರೆ. ಖಾತೆ, ಪಹಣಿ, ಕಂದಾಯದ ರಸೀದಿ ಹಳೆಯ ಹೆಸರಲ್ಲೇ ಉಳಿಯುತ್ತವೆ. ಬರೆದವರು ತೀರಿಕೊಂಡ ಮೇಲೆ ಮಕ್ಕಳು ಪೌತಿ ಖಾತೆ ಮಾಡಿಸಿಕೊಳ್ಳುತ್ತಾರೆ, ಅದರ ಮೇಲೆ ಸಾಲವನ್ನೂ ಎತ್ತುತ್ತಾರೆ. ಆಮೇಲೆ ಟ್ರಸ್ಟಿಗಳು ಕೋರ್ಟಿಗೆ ಅಲೆಯಬೇಕು. ಇನ್ನೊಂದು ವಿಷಯ: ಖಾಸಗಿ ಟ್ರಸ್ಟ್ ಕಂಪನಿಯ ಹಾಗೆ ಪ್ರತ್ಯೇಕ ಕಾನೂನು ವ್ಯಕ್ತಿಯಲ್ಲ. ಖಾತೆ ಆಗುವಾಗ ‘ಇಂಥ ಟ್ರಸ್ಟಿನ ಟ್ರಸ್ಟಿಗಳಾದ’ ಎಂದು ಅವರ ಹೆಸರು ಬರುವಂತೆ ನೋಡಿಕೊಳ್ಳಿ.

ಮದ್ದೂರಿನ ಎರಡೆಕರೆಯಲ್ಲಿ ಅದಕ್ಕೂ ಮೊದಲಿನ ತೊಡಕಿದೆ. ಜಮೀನು ಪಿತ್ರಾರ್ಜಿತವಾಗಿದ್ದರೆ ಅದನ್ನು ಒಬ್ಬರೇ ಪೂರ್ತಿಯಾಗಿ ಟ್ರಸ್ಟಿಗೆ ಬರೆದುಕೊಡಲು ಬರುವುದಿಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಹಕ್ಕು ಕೊಟ್ಟಿತ್ತು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಕೇಂದ್ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಅಕ್ಕತಂಗಿಯರನ್ನು ಬಿಟ್ಟು ಬರೆಸಿದ ಟ್ರಸ್ಟ್ ದಾಯಾದಿ ಕಾಟ ತಪ್ಪಿಸುವುದಿಲ್ಲ, ಅದೇ ಹೊಸ ದಾವೆಗೆ ಕಾರಣವಾಗುತ್ತದೆ. ಮೊದಲು ವಿಭಾಗ ಪತ್ರ, ಆಮೇಲೆ ಟ್ರಸ್ಟ್.

ಇನ್ನು ಮಗನ ವಿಷಯ. ಖಾಸಗಿ ಟ್ರಸ್ಟ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು, ಆದರೆ ಅರ್ಧ ಕೆಲಸಕ್ಕೆ ಮಾತ್ರ. ಟ್ರಸ್ಟ್ ಅವನ ಆಸ್ತಿಯನ್ನು ನೋಡಿಕೊಳ್ಳುತ್ತದೆ; ಅವನ ಪರವಾಗಿ ನಿರ್ಧಾರ ಮಾಡಲು ಕಾನೂನುಬದ್ಧ ಪೋಷಕರು ಬೇಕು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹು ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿ ಆ ಸಮಿತಿಯಲ್ಲಿರುತ್ತಾರೆ. ಅಪ್ಪ ಅಮ್ಮ ಬದುಕಿರುವಾಗಲೇ ಅರ್ಜಿ ಹಾಕಿ. ಆ ಕಾಯ್ದೆಯಡಿ ಇರುವ ನ್ಯಾಷನಲ್ ಟ್ರಸ್ಟ್ ಎಂಬ ಸರ್ಕಾರಿ ಸಂಸ್ಥೆಯ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು, ಅದನ್ನೂ ಮಾಡಿಸಿಬಿಡಿ.

ಡೀಡ್ ಬರೆಸುವಾಗ ಮುನ್ನುಡಿಯಲ್ಲಿ ಅರ್ಧ ಪುಟ ಕಳೆದು, ಬೇಕಾದ್ದನ್ನು ಒಂದು ಸಾಲಲ್ಲಿ ಮುಗಿಸುತ್ತಾರೆ. ನಿಜಕ್ಕೂ ಉದ್ದವಾಗಿರಬೇಕಾದ್ದು ಟ್ರಸ್ಟಿಯ ಭಾಗ. ಒಬ್ಬ ಟ್ರಸ್ಟಿ ಸತ್ತರೆ, ಊರು ಬಿಟ್ಟರೆ, ಲೆಕ್ಕ ಕೊಡದಿದ್ದರೆ ಬದಲಿ ಯಾರನ್ನು, ಯಾರು ನೇಮಿಸುತ್ತಾರೆ? ಬ್ಯಾಂಕಿನಲ್ಲಿ ಎಷ್ಟು ಸಹಿ? ಮನೆ ಮಾರಲು ಅಧಿಕಾರ ಇದೆಯೇ, ಇದ್ದರೆ ಯಾವ ಸಂದರ್ಭದಲ್ಲಿ? ಮಗನ ಕಾಲಾನಂತರ ಉಳಿದದ್ದು ಯಾರಿಗೆ? ಕಾಯ್ದೆ ಏನು ಹೇಳುತ್ತದೆ ಎನ್ನುವುದೂ ಗೊತ್ತಿರಲಿ. ಡೀಡಿನಲ್ಲಿ ಬೇರೆ ಹೇಳದಿದ್ದರೆ ಟ್ರಸ್ಟಿಗೆ ಸಂಬಳ ಇಲ್ಲ. ಎಲ್ಲ ಟ್ರಸ್ಟಿಗಳೂ ಸೇರಿಯೇ ನಡೆಸಬೇಕು. ಒಮ್ಮೆ ಒಪ್ಪಿಕೊಂಡವರು ಸುಮ್ಮನೆ ಬಿಟ್ಟು ಹೋಗುವಂತಿಲ್ಲ. ‘ಹೆಸರಿಗೆ ಇರ್ಲಿ ಬಿಡು ಮಾವ’ ಎಂದು ಒಪ್ಪಿಕೊಂಡ ಅಳಿಯನಿಗೆ ಇದನ್ನು ಮೊದಲೇ ಹೇಳಿರಬೇಕು. ಟ್ರಸ್ಟಿ ಎಷ್ಟೇ ಒಳ್ಳೆಯವರಾಗಿರಲಿ, ತಪ್ಪಬಹುದು ಎಂದುಕೊಂಡೇ ಈ ಕಾನೂನನ್ನು ಬರೆದಿದ್ದಾರೆ. ನಿಮ್ಮ ಡೀಡನ್ನೂ ಹಾಗೇ ಬರೆಸಿ. ಯಾರಿಗೆ ಎಷ್ಟು ಎಂದು ನಿಗದಿ ಮಾಡದೆ ಟ್ರಸ್ಟಿಗಳ ವಿವೇಚನೆಗೆ ಬಿಟ್ಟರೆ, ಕೆಲವು ವಿನಾಯಿತಿ ಬಿಟ್ಟು, ಆದಾಯಕ್ಕೆ ಗರಿಷ್ಠ ದರದಲ್ಲಿ ತೆರಿಗೆ ಬೀಳುತ್ತದೆ. ಕರಡಿನ ಹಂತದಲ್ಲೇ ಆಡಿಟರ್ ಹತ್ತಿರ ಓದಿಸಿ.

‘ಟ್ಯಾಕ್ಸ್ ಇರಲ್ಲ’ ಎಂಬ ಮಾತು ಹುಟ್ಟಿದ್ದು ಸಾರ್ವಜನಿಕರ ಒಳಿತಿಗೆಂದು ಮಾಡುವ ಧರ್ಮಾರ್ಥ ಟ್ರಸ್ಟುಗಳಿಂದ. ಅಲ್ಲೂ ವಿನಾಯಿತಿ ತಾನಾಗಿ ಬರುವುದಿಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಬೇಕು. ದಾನಿಗಳಿಗೆ ರಿಯಾಯಿತಿ ಸಿಗಬೇಕಾದರೆ, ಎಲ್ಲರೂ 80ಜಿ ಎಂದು ಕರೆಯುವ ಅನುಮೋದನೆ ಅದರ ಮೇಲೆ ಇನ್ನೊಂದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಹಳೆಯ ನಮೂನೆ ಇಟ್ಟುಕೊಂಡು ಅರ್ಜಿ ಹಾಕಬೇಡಿ. ಬಂದ ಆದಾಯದಲ್ಲಿ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಇಲ್ಲವೇ ಕೂಡಿಡುವುದಕ್ಕೆ ಕಾರಣ ತೋರಿಸಬೇಕು. 2,000 ರೂಪಾಯಿಗೆ ಮೀರಿ ನಗದು ಕೊಟ್ಟ ದಾನಿಗೆ ಆ ರಿಯಾಯಿತಿ ಸಿಗುವುದಿಲ್ಲ. ಟ್ರಸ್ಟಿನ ಹಣದಲ್ಲಿ ಮನೆಯವರ ಕಾರಿಗೆ ಪೆಟ್ರೋಲ್ ಹಾಕಿಸಿದರೆ ವಿನಾಯಿತಿಗೇ ಕುತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಸಾರ್ವಜನಿಕ ಟ್ರಸ್ಟಿಗೆ ಕೊಟ್ಟ ಎರಡೆಕರೆ ಮೊಮ್ಮಗನಿಗೆ ಬೇಕಾದಾಗ ವಾಪಸ್ ಬರುವುದಿಲ್ಲ.

ಮಹಾರಾಷ್ಟ್ರದಲ್ಲಿರುವಂತೆ ಸಾರ್ವಜನಿಕ ಟ್ರಸ್ಟುಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನರ್ ಎಂಬ ಅಧಿಕಾರಿ ನಮ್ಮ ಮೈಸೂರು ಕಡೆ ಇಲ್ಲ. ಟ್ರಸ್ಟ್ ಕೆಟ್ಟರೆ, ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರಾದರೂ ಸೇರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಅಡಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬೇಕು. ಊರವರೆಲ್ಲ ಸೇರಿ ನಡೆಸುವ ಕೆಲಸಕ್ಕೆ 1960ರ ಕರ್ನಾಟಕ ಸೊಸೈಟಿ ನೋಂದಣಿ ಕಾಯ್ದೆಯ ಸೊಸೈಟಿಯೇ ವಾಸಿ. ಕನಿಷ್ಠ 7 ಸದಸ್ಯರು ಬೇಕು, ವರ್ಷಕ್ಕೊಮ್ಮೆ ಸಭೆ ಸೇರಿ ಲೆಕ್ಕ ಒಪ್ಪಿಸಬೇಕು. ಕೇಳುವವರು ಒಳಗೇ ಇರುತ್ತಾರೆ. ಮುಜರಾಯಿ ದೇವಸ್ಥಾನಕ್ಕಂತೂ ಊರವರು ಟ್ರಸ್ಟ್ ಬರೆಸಿದ ಮಾತ್ರಕ್ಕೆ ಆಡಳಿತ ಕೈಗೆ ಬರುವುದಿಲ್ಲ. (ಮೈಸೂರಿನ ಹಳೆಯ ನಿವೇಶನ ಪತ್ರಗಳಲ್ಲಿ ಕಾಣುವ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿಗೂ ಇಲ್ಲಿ ಹೇಳುತ್ತಿರುವ ಟ್ರಸ್ಟುಗಳಿಗೂ ಸಂಬಂಧವಿಲ್ಲ. ಅದು ಸರ್ಕಾರಿ ಸಂಸ್ಥೆ, ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಆಯಿತು.)

‘ನಾಮಿನಿ ಹಾಕಿದ್ದೀವಲ್ಲ, ಟ್ರಸ್ಟ್ ಯಾಕೆ’ ಎನ್ನುವವರೂ ಇದ್ದಾರೆ. ಬ್ಯಾಂಕ್ ಠೇವಣಿ, ಷೇರುಗಳಲ್ಲಿ ನಾಮಿನಿ ಎಂದರೆ ಹಣವನ್ನು ಕೈಗೆ ಪಡೆದು ವಾರಸುದಾರರಿಗೆ ಹಂಚಬೇಕಾದವರು. ಮಾಲೀಕತ್ವ ಉಯಿಲಿನ ಅಥವಾ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ. ಷೇರುಗಳ ಬಗ್ಗೆ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಮತ್ತೆ ಇದನ್ನೇ ಹೇಳಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ.

ಹೂಡಿಕೆಯಲ್ಲಿ ಜನ ತಿರುಗಾಮುರುಗಾ ತಿಳಿದುಕೊಂಡಿರುತ್ತಾರೆ. ಮ್ಯೂಚುವಲ್ ಫಂಡ್ ಕಾನೂನಿನ ಪ್ರಕಾರ ಟ್ರಸ್ಟ್: ಹೂಡಿಕೆದಾರರ ಪರ ಟ್ರಸ್ಟಿಗಳು, ನಿರ್ವಹಣೆಗೆ ಕಂಪನಿ, ಷೇರುಗಳು ಅವನ್ನು ಜೋಪಾನವಾಗಿಡುವ ಕಸ್ಟೋಡಿಯನ್ ಸಂಸ್ಥೆಯ ಬಳಿ. ಹಾಗಾಗಿ ಕಂಪನಿಗೆ ಸಾಲ ಕೊಟ್ಟವರು ನಿಮ್ಮ ಯೂನಿಟ್ಟಿಗೆ ಕೈಹಾಕಲಾರರು, ಮಾರುಕಟ್ಟೆ ಬಿದ್ದರೆ ಮಾತ್ರ ನಷ್ಟ ನಿಮ್ಮದೇ. ಎಫ್‌ಡಿಯಲ್ಲಿ ಬ್ಯಾಂಕು ನಿಮ್ಮ ಟ್ರಸ್ಟಿಯಲ್ಲ, ನಿಮ್ಮಿಂದ ಸಾಲ ಪಡೆದ ಸಂಸ್ಥೆ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಬಡ್ಡಿ ಸೇರಿ 5 ಲಕ್ಷದವರೆಗೆ. ಚೀಟಿಯಲ್ಲೂ ಹೀಗೇ ವ್ಯತ್ಯಾಸವಿದೆ. ನೋಂದಾಯಿತ ಚೀಟಿಯಲ್ಲಿ ಅದನ್ನು ನಡೆಸುವ ಫೋರ್‌ಮನ್ 1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿ ಮೊತ್ತದಷ್ಟು ಭದ್ರತೆ ಇಡಬೇಕು, ಕಮಿಷನ್ ಶೇ 7 ಮೀರುವಂತಿಲ್ಲ. ಬೀದಿಯ ಬಾಯಿಮಾತಿನ ಚೀಟಿಯಲ್ಲಿ ಇದ್ಯಾವುದೂ ಇಲ್ಲ.

ಕೊಟ್ಟದ್ದು ವಾಪಸ್ ಬರದಿದ್ದರೆ ‘ನಂಬಿಕೆ ದ್ರೋಹ’ದ ಕೇಸ್ ಹಾಕಿ ಎಂದು ಠಾಣೆಗೆ ಓಡುತ್ತಾರೆ. ನೆಂಟರಿಗೆ ಜೋಪಾನವಾಗಿಡಿ ಎಂದು ಕೊಟ್ಟ ಬಳೆಯನ್ನು ಅವರು ಮಾರಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ನಿನ ಅಪರಾಧ. ಕೈಸಾಲ ಕೊಟ್ಟ ಹಣ ಹಾಗಲ್ಲ. ಕೊಟ್ಟ ಕ್ಷಣವೇ ಅದು ಅವರದಾಯಿತು, ನಿಮಗೆ ಉಳಿದದ್ದು ಬಾಕಿ; ದಾರಿ ಸಿವಿಲ್ ದಾವೆ, ಸಾಮಾನ್ಯವಾಗಿ 3 ವರ್ಷದೊಳಗೆ.

ಮೊದಲಿನ ಪ್ರಶ್ನೆಗೆ ಬಂದರೆ, ಟ್ರಸ್ಟಿಗಳಾಗಲು ಒಪ್ಪುವ ಇಬ್ಬರು ಮೂವರ ಹೆಸರು ಹೊಳೆಯದೆ ಡೀಡ್ ಬರೆಸಲು ಹೊರಡಬೇಡಿ. ಅಲ್ಲಿಯವರೆಗೆ, ನಿಮ್ಮ ನಂತರ ಟ್ರಸ್ಟ್ ಜಾರಿಗೆ ಬರುವಂತೆ ಒಂದು ಉಯಿಲು ಬರೆದಿಡಿ. ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ, ಬದುಕಿರುವಷ್ಟು ದಿನ ಬದಲಾಯಿಸಬಹುದು.