ನೀಲಿ ಮುಚ್ಚಳ ಮೇಲಿನ ತುದಿಗೆ

ಹಡಗು ಹತ್ತಿದ ದಿನ ಗೆಳತಿ ನನಗೆ ಹೇಳಿಕೊಟ್ಟ ಪಾಠ ಒಂದೇ. "ನೀಲಿ ಮುಚ್ಚಳ ಮೇಲಿನ ತುದಿಗೆ, ಬಿಳಿ ಮುಚ್ಚಳ ಕೆಳಗಿನ ತುದಿಗೆ. ಬೇರೆ ಏನು ಮರೆತರೂ ನಡೆಯುತ್ತೆ, ಇದನ್ನು ಮಾತ್ರ ಮರೀಬೇಡ." ಇದರಲ್ಲಿ ಮರೆಯೋಕೆ ಏನಿದೆ ಅಂದುಕೊಂಡೆ. ಐದನೇ ದಿನ ಬೆಳಗಿನ ಜಾವ ಮೂರು ಗಂಟೆಗೆ ಮರೆತೆ.

ಗೆಳತಿ ಸಮುದ್ರದ ಹಳೆಯ ಹರಿವುಗಳನ್ನು ಹುಡುಕುವವಳು. ಇಪ್ಪತ್ತು ಸಾವಿರ ವರ್ಷದ ಹಿಂದೆ ಅಟ್ಲಾಂಟಿಕ್‌ನ ನೀರು ಯಾವ ಆಳದಲ್ಲಿ, ಯಾವ ಕಡೆಗೆ ಹೋಗುತ್ತಿತ್ತು ಅನ್ನುವುದು ಅವಳ ಪ್ರಶ್ನೆ. ಆ ನೀರು ಈಗ ಎಲ್ಲಿದೆ? ಅದನ್ನು ಅಳೆಯಲು ಆಗಲ್ಲ. ಆದರೆ ಆ ನೀರಿನಲ್ಲಿ ಬದುಕಿದ್ದ ಪುಟ್ಟ ಜೀವಿಗಳ ಚಿಪ್ಪುಗಳು ತಳದ ಕೆಸರಿನಲ್ಲಿ ಇನ್ನೂ ಇವೆ. ಆ ಕೆಸರು ತರಲು ಹೊರಟ ಹಡಗಿನಲ್ಲಿ ರಾತ್ರಿ ಪಾಳಿಗೆ ಒಬ್ಬರು ಕಡಿಮೆ ಇದ್ದರು. ಚೀಟಿ ಬರೆಯುವುದು, ಮುಚ್ಚಳ ಹಾಕುವುದು, ಜರಡಿ ತೊಳೆಯುವುದು. ಇಷ್ಟು ಕೆಲಸಕ್ಕೆ ನಾನು ಸಾಕಾಗಿತ್ತು.

ಲಿಸ್ಬನ್‌ನಿಂದ ಹೊರಟೆವು. ಟೇಗಸ್ ನದಿ ಸಮುದ್ರ ಸೇರುವ ಜಾಗದಲ್ಲಿ, ನಡುನೀರಿನಲ್ಲಿ ಒಂದು ದುಂಡನೆಯ ಕೋಟೆ ಇದೆ. ಅದರ ನಡುವೆ ದೀಪಸ್ತಂಭ. ಅದು ಹಿಂದೆ ಸರಿದದ್ದೇ ತಡ, ಹಡಗು ಹೊಯ್ದಾಡಲು ಶುರುವಾಯಿತು. ಮುಂದಿನ ಒಂದೂವರೆ ದಿನದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಮಲಗಿದ್ದೆ, ಅಷ್ಟೇ.

ಇಲ್ಲಿಗೇ ಏಕೆ ಬಂದೆವು ಅಂತ ಆಮೇಲೆ ಕೇಳಿದೆ. ಸಾಮಾನ್ಯವಾಗಿ ನಡುಸಮುದ್ರದ ತಳದಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಕೂರುತ್ತದೆ. ಪೋರ್ಚುಗಲ್‌ನ ಈ ಇಳಿಜಾರಿನಲ್ಲಿ ಹಾಗಲ್ಲ. ನದಿ ತರುವ ಮಣ್ಣೂ ಸೇರಿ ಸಾವಿರ ವರ್ಷಕ್ಕೆ ಹತ್ತು, ಇಪ್ಪತ್ತು ಸೆಂಟಿಮೀಟರ್ ಕೂರುತ್ತದೆ. ಪುಟಗಳು ದಪ್ಪ, ಹಾಗಾಗಿ ಓದುವುದು ಸುಲಭ. 1995ರಲ್ಲಿ ಮರಿಯೋನ್ ದ್ಯುಫ್ರೆನ್ ಎಂಬ ಫ್ರೆಂಚ್ ಹಡಗು ಇಲ್ಲಿಂದ ಎತ್ತಿದ ಒಂದು ಕೆಸರುಕಂಬ ಈ ವಿಷಯ ಓದುವವರಲ್ಲಿ ಬಹಳ ಪ್ರಸಿದ್ಧ. ಅದರ ಕತೆಗೆ ಆಮೇಲೆ ಬರುತ್ತೇನೆ. 2011ರ ಕೊನೆಯಲ್ಲಿ ಜಾಯ್ಡೀಸ್ ರೆಸಲ್ಯೂಷನ್ ಹಡಗು ಇಲ್ಲೇ ಕೊರೆದು ಸುಮಾರು 14 ಲಕ್ಷ ವರ್ಷಗಳ ಕೆಸರು ತೆಗೆಯಿತು. ನಮ್ಮದು ಅಷ್ಟು ದೊಡ್ಡ ಹಡಗಲ್ಲ. ಹತ್ತು ಮೀಟರ್ ಸಿಕ್ಕರೆ ಹಬ್ಬ.

ಕೆಸರು ಎತ್ತುವುದನ್ನು ನೋಡಬೇಕು. ಉದ್ದನೆಯ ಉಕ್ಕಿನ ಕೊಳವೆ, ಒಳಗೆ ಪ್ಲಾಸ್ಟಿಕ್ ಪೈಪು, ತಲೆಯ ಮೇಲೆ ಒಂದು ಟನ್ನಿಗೂ ಜಾಸ್ತಿ ಸೀಸ. ಕೇಬಲ್ಲಿಗೆ ಕಟ್ಟಿ ಇಳಿಸುತ್ತಾರೆ. ಸೆಕೆಂಡಿಗೆ ಒಂದು ಮೀಟರ್ ಲೆಕ್ಕ. ಕೆಳಗೆ ಮೂರು ಕಿಲೋಮೀಟರ್ ನೀರು. ಹೋಗಲು ಮುಕ್ಕಾಲು ಗಂಟೆ ದಾಟುತ್ತದೆ. ಪಕ್ಕದಲ್ಲಿ ತೂಗುವ ಸಣ್ಣ ತೂಕ ಮೊದಲು ತಳ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಕೊಕ್ಕೆ ಬಿಡುತ್ತದೆ, ಸೀಸ ಹೊತ್ತ ಕೊಳವೆ ದಬಕ್ಕನೆ ಕೆಸರಿಗೆ ಇಳಿಯುತ್ತದೆ. ಒಳಗಿನ ಪಿಸ್ಟನ್ ಮಾತ್ರ ಕೆಸರಿನ ಮಟ್ಟದಲ್ಲೇ ನಿಲ್ಲುತ್ತದೆ. ಅದರಿಂದ ಕೆಸರು ಕುಸಿದು ಅದುಮಿಕೊಳ್ಳದೆ, ಪದರ ಪದರವಾಗಿ ಒಳಗೆ ಬರುತ್ತದೆ. ಸ್ವೀಡನ್ನಿನ ಕುಲೆನ್‌ಬರ್ಗ್ 1940ರ ದಶಕದಲ್ಲಿ ಮಾಡಿದ ಉಪಾಯ ಇದು. ಅದಕ್ಕಿಂತ ಮೊದಲು ಕೆಲವು ಮೀಟರಿಗಿಂತ ಉದ್ದದ ಕೆಸರು ಸಿಗುವುದು ಕಷ್ಟವಿತ್ತು.

ಇದೆಲ್ಲ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಪರದೆಯ ಮೇಲೆ ಕೇಬಲ್ಲಿನ ಎಳೆತದ ಅಂಕಿ. ಅದು ತಟ್ಟನೆ ಇಳಿದರೆ ಕೊಳವೆ ಬಿತ್ತು ಅಂತ. ಮೇಲೆ ಎಳೆಯುವಾಗ ಏರಿ ಏರಿ, ಒಮ್ಮೆ ಜಗ್ಗಿ ಇಳಿದರೆ ಕೆಸರಿನಿಂದ ಬಿಡಿಸಿಕೊಂಡಿತು ಅಂತ. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ಮೊದಲ ಸಲ ಕೊಳವೆ ಬಿಲ್ಲಿನಂತೆ ಬಾಗಿ ಬಂತು. ಎರಡನೇ ಸಲ ಒಂಬತ್ತೂವರೆ ಮೀಟರ್ ಕೆಸರು ತಂದಿತು. ಇಲ್ಲಿನ ಲೆಕ್ಕದಲ್ಲಿ ಅದು ಕಡಿಮೆಯೆಂದರೂ ಸುಮಾರು ಐವತ್ತು ಸಾವಿರ ವರ್ಷ.

ಕೊಳವೆಯ ಬಾಯಿಯ ಕೆಸರನ್ನು ಮುಟ್ಟಿ ನೋಡಿದೆ. ಐಸಿನಷ್ಟು ತಣ್ಣಗಿತ್ತು. ಡೆಕ್ಕಿನ ಮೇಲೆ ನಾವು ಅಂಗಿಯ ತೋಳು ಮಡಚಿಕೊಂಡು ನಿಂತಿದ್ದೆವು, ಕೆಸರು ಮಾತ್ರ ಮೂರು ಕಿಲೋಮೀಟರ್ ಆಳದ ಚಳಿಯನ್ನು ಹೊತ್ತು ತಂದಿತ್ತು. ಬೂದು ಬಣ್ಣ, ಜಿಗುಟು. ನೋಡಲು ಏನೇನೂ ಇಲ್ಲ. ಇದಕ್ಕಾಗಿ ಇಷ್ಟು ದೂರ ಬಂದೆವಾ ಅನ್ನಿಸಿದ್ದು ಸುಳ್ಳಲ್ಲ.

ಒಂದು ಚಮಚ ಕೆಸರನ್ನು ಗೆಳತಿ ಜರಡಿಗೆ ಹಾಕಿದಳು. 63 ಮೈಕ್ರಾನ್ ಕಣ್ಣಿನ ಜರಡಿ. ನೀರು ಬಿಟ್ಟಾಗ ಮಣ್ಣೆಲ್ಲ ಕೆಳಗೆ ಹೋಯಿತು. ಉಳಿದದ್ದನ್ನು ಒಣಗಿಸಿದಾಗ ಬಿಳಿ ಮರಳಿನಂಥ ಚಿಟಿಕೆ ಪುಡಿ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು "ಈಗ ನೋಡು" ಅಂದಳು.

ಮರಳಲ್ಲ, ಅಷ್ಟೂ ಚಿಪ್ಪುಗಳು! ಗುಂಡು ಗುಂಡಾದ ಕೋಣೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಸುತ್ತಿದ ಹಾಗೆ. ಪ್ರತಿಯೊಂದೂ ಒಂದೇ ಜೀವಕೋಶ ಕಟ್ಟಿದ ಮನೆ. ಹೆಸರು ಫೊರಾಮಿನಿಫೆರಾ, ಹಡಗಿನವರ ಬಾಯಲ್ಲಿ ಬರೀ ಫೊರಾಮ್. ಇವುಗಳಲ್ಲಿ ಹೆಚ್ಚಿನವು ಮೇಲಿನ ನೀರಿನಲ್ಲಿ ತೇಲುತ್ತಾ ಕೆಲವು ವಾರ ಬದುಕಿ ಸತ್ತವು. ಸತ್ತ ಮೇಲೆ ಚಿಪ್ಪು ಕೆಲವು ದಿನಗಳಲ್ಲಿ ತಳ ಸೇರುತ್ತದೆ. 1872ರಿಂದ 1876ರವರೆಗೆ ಸಮುದ್ರ ಸುತ್ತಿದ ಚಾಲೆಂಜರ್ ಹಡಗಿನವರೂ ಇದೇ ಕೆಸರನ್ನು ಎತ್ತಿ ನೋಡಿದ್ದರು. ಸಮುದ್ರತಳದ ಎಷ್ಟೋ ಭಾಗ ಈ ಚಿಪ್ಪುಗಳಿಂದಲೇ ಮುಚ್ಚಿದೆ ಅನ್ನುವುದನ್ನು ತೋರಿಸಿಕೊಟ್ಟವರು ಅವರು.

ನನಗೆ ತುಂಬಾ ಇಷ್ಟವಾದದ್ದು ಎಡಮುರಿ ಬಲಮುರಿ ವಿಷಯ. ಶಂಖದಲ್ಲಿ ಇರುವ ಹಾಗೆ ಇವುಗಳಲ್ಲೂ ಸುರುಳಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ನಿಯೊಗ್ಲೊಬೊಕ್ವಾಡ್ರಿನಾ ಪ್ಯಾಕಿಡರ್ಮಾ ಅಂತ ಒಂದಿದೆ. ಹೆಸರು ಹೇಳುವಷ್ಟರಲ್ಲಿ ಅದು ತಳ ಸೇರಿರುತ್ತದೆ! ಎಡಮುರಿಯಾದ ಈ ಜಾತಿ ಧ್ರುವದ ಕಡೆಯ ಕೊರೆಯುವ ನೀರಿನಲ್ಲಿ ಬದುಕುವಂಥದ್ದು. ಬಲಮುರಿಯಾದದ್ದು ಅಷ್ಟು ತಣ್ಣಗಿಲ್ಲದ ನೀರಿನದು. ಎರಡೂ ಒಂದೇ ಜಾತಿ ಅಂತ ಬಹಳ ಕಾಲ ತಿಳಿದಿದ್ದರು. ಡಿಎನ್‌ಎ ನೋಡಿದ ಮೇಲೆ ಬೇರೆ ಬೇರೆ ಅಂತ ಗೊತ್ತಾಯಿತು. ಹೀಗೆ ಚಿಪ್ಪು ಎಣಿಸಿ ಹಳೆಯ ನೀರಿನ ಉಷ್ಣತೆ ಲೆಕ್ಕ ಹಾಕುತ್ತಾರೆ. ಕ್ಲೈಮ್ಯಾಪ್ ಎಂಬ ತಂಡ 1976ರಲ್ಲಿ ಹಿಮಯುಗದ ಸಮುದ್ರದ ನಕ್ಷೆ ಬಿಡಿಸಿದ್ದು ಮುಖ್ಯವಾಗಿ ಇಂಥ ಎಣಿಕೆಯಿಂದಲೇ.

ಈಗ ನನ್ನ ತಪ್ಪಿನ ಕತೆ. ಕೆಸರು ತುಂಬಿದ ಪೈಪನ್ನು ಒಂದೊಂದು ಮೀಟರಿಗೆ ಕತ್ತರಿಸುತ್ತಾರೆ. ಪ್ರತಿ ತುಂಡಿಗೂ ಎರಡು ಮುಚ್ಚಳ, ಒಂದು ಸಂಖ್ಯೆ, ಮೇಲ್ಮುಖದ ಬಾಣ. ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗೆ ನಮ್ಮ ಪಾಳಿ. ಮೂರು ಗಂಟೆ ಹೊತ್ತಿಗೆ ಹಡಗು ಒಮ್ಮೆ ಜೋರಾಗಿ ವಾಲಿತು. ಕೈಲಿದ್ದ ತುಂಡನ್ನು ಕೆಳಗಿಟ್ಟು ಕಂಬಿ ಹಿಡಿದುಕೊಂಡೆ. ಮತ್ತೆ ಎತ್ತಿಕೊಂಡಾಗ ತುದಿ ಅದಲು ಬದಲಾಗಿತ್ತು. ನಾನು ನಿಶ್ಚಿಂತೆಯಿಂದ ತಳದ ಕಡೆಗೆ ನೀಲಿ ಮುಚ್ಚಳ ಒತ್ತಿ, ಅಂದವಾಗಿ ಬಾಣವನ್ನೂ ಬರೆದೆ.

ಮರುದಿನ ತುಂಡುಗಳನ್ನು ಒಂದೊಂದಾಗಿ ಯಂತ್ರದೊಳಗೆ ಹಾಯಿಸಿದರು. ಕೆಸರು ಎಷ್ಟು ಸುಲಭವಾಗಿ ಆಯಸ್ಕಾಂತಕ್ಕೆ ಒಲಿಯುತ್ತದೆ ಅನ್ನುವುದನ್ನು ಪೈಪು ಬಿಚ್ಚದೆಯೇ ಅಳೆಯುವ ಯಂತ್ರ ಅದು. ಪರದೆಯ ಮೇಲೆ ಗೆರೆ ನುಣ್ಣಗೆ ಸಾಗುತ್ತಿತ್ತು. ನಾಲ್ಕನೇ ತುಂಡಿನ ಶುರುವಿನಲ್ಲಿ ಗೆರೆ ಒಮ್ಮೆ ನೆಗೆಯಿತು. ಕೊನೆಯಲ್ಲಿ ಮತ್ತೊಮ್ಮೆ ನೆಗೆಯಿತು. ಗೆಳತಿ ಏನೂ ಹೇಳದೆ ಕಂಪ್ಯೂಟರಿನಲ್ಲಿ ಆ ತುಂಡಿನ ಗೆರೆಯನ್ನು ತಲೆಕೆಳಗು ಮಾಡಿದಳು. ಎರಡೂ ತುದಿ ಸರಿಯಾಗಿ ಕೂಡಿಕೊಂಡವು. ಆಮೇಲೆ ನನ್ನ ಕಡೆ ತಿರುಗಿದಳು.

"ಹುಳುಗಳು ಹೇಗೂ ಹತ್ತು ಸೆಂಟಿಮೀಟರ್ ಕಲಕಿರುತ್ತವೆ. ನೀನೂ ಒಂದು ಮೀಟರ್ ಕಲಕಿದರೆ ನಾವೆಲ್ಲಿಗೆ ಹೋಗೋಣ?"

ನಾನು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. ಬದಲಿಗೆ 1995ರ ಆ ಕೆಸರುಕಂಬದ ಕತೆ ಹೇಳಿದಳು. ಅದೇ ನನಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು.

ಆಮ್ಲಜನಕದಲ್ಲಿ ಹಗುರವಾದದ್ದು, ಭಾರವಾದದ್ದು ಎರಡೂ ಇವೆ. ನೀರು ತಣ್ಣಗಾದಷ್ಟೂ, ನೆಲದ ಮೇಲೆ ಹಿಮ ಹೆಚ್ಚಿದಷ್ಟೂ ಚಿಪ್ಪಿನಲ್ಲಿ ಭಾರವಾದದ್ದರ ಪಾಲು ಹೆಚ್ಚುತ್ತದೆ. ನಿಕೊಲಸ್ ಶ್ಯಾಕಲ್‌ಟನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಆ ಕಂಬದಿಂದ ಎರಡು ಬಗೆಯ ಚಿಪ್ಪು ಆರಿಸಿದರು. ಒಂದು ಮೇಲೆ ತೇಲುತ್ತಿದ್ದ ಪ್ಲಾಂಕ್ಟನ್‌ನದು, ಇನ್ನೊಂದು ತಳದಲ್ಲೇ ಬದುಕುತ್ತಿದ್ದ ಫೊರಾಮ್‌ನದು. 2000ದಲ್ಲಿ ಪ್ರಕಟಿಸಿದರು. ತೇಲುವ ಚಿಪ್ಪಿನ ಗೆರೆ, ಗ್ರೀನ್‌ಲ್ಯಾಂಡಿನ ಹಿಮವನ್ನು ಕೊರೆದು ತೆಗೆದು ಅಳೆದಾಗ ಸಿಗುವ ಗೆರೆಯ ಹಾಗೆ ತಟ್ಟನೆ ಏರಿ ಇಳಿಯುತ್ತದೆ. ತಳದ ಚಿಪ್ಪಿನ ಗೆರೆ ಅಂಟಾರ್ಕ್ಟಿಕಾದ ಹಿಮದ ಗೆರೆಯ ಹಾಗೆ ನಿಧಾನವಾಗಿ ಏರಿ ಇಳಿಯುತ್ತದೆ. ಒಂದೇ ಚಮಚ ಕೆಸರು, ಭೂಮಿಯ ಎರಡು ತುದಿ!

ಅಟ್ಲಾಂಟಿಕ್‌ನಲ್ಲಿ ಮೇಲಿನ ಬಿಸಿ ನೀರು ಉತ್ತರಕ್ಕೆ ಹೋಗಿ, ತಣ್ಣಗಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಬರುತ್ತದೆ. ಈ ಹರಿವು ಸೊರಗಿದಾಗ ಉತ್ತರಕ್ಕೆ ಶಾಖ ಕಡಿಮೆಯಾಗುತ್ತದೆ, ದಕ್ಷಿಣದಲ್ಲಿ ಉಳಿಯುತ್ತದೆ. ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಯಾವ ತಟ್ಟೆ ಮೊದಲು ಅಲುಗಿತು ಅಂತ ನೋಡಲು ಎರಡು ಧ್ರುವಗಳ ಹಿಮದ ವಯಸ್ಸನ್ನು ಹೊಂದಿಸಲು ಒದ್ದಾಡಬೇಕು. ಇಲ್ಲಿ ಆ ತಾಪತ್ರಯ ಇಲ್ಲ. ಎರಡೂ ಗೆರೆ ಒಂದೇ ಕೆಸರಿನಿಂದ ಬಂದವು. ಕೆಳಗಿರುವುದು ಮೊದಲು, ಮೇಲಿರುವುದು ಆಮೇಲೆ.

"ಇಷ್ಟರ ಮೇಲೆ ಎಲ್ಲವೂ ನಿಂತಿದೆ" ಅಂದಳು. "ಮುಚ್ಚಳ ಯಾಕೆ ಅಂತ ಗೊತ್ತಾಯ್ತಾ?"

ಗೊತ್ತಾಯಿತು. ಅಲ್ಲದೆ ನಾನು ತಿರುಗಿಸಿದ್ದು ಬೇರೆ ಯಾವುದೋ ತುಂಡಲ್ಲ. ಮೂರರಿಂದ ನಾಲ್ಕು ಮೀಟರ್ ಆಳದ್ದು, ಹಿಮಯುಗ ಮುಗಿಯುತ್ತಾ ಬಂದ ಕಾಲದ್ದು. ಅದನ್ನು ಸೀಳಿದ ಮೇಲೆ ನಡುವಿನಿಂದ ಒಂದು ಸೆಂಟಿಮೀಟರ್ ಕೆಸರು ತೆಗೆದು ನನ್ನ ಕೈಯಿಂದಲೇ ಜರಡಿ ಹಿಡಿಸಿದಳು. ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿ, ಅರವತ್ತು ಮನೆಗಳಿರುವ ಕಪ್ಪು ಪಟ್ಟಿಯ ಮೇಲೆ ಜೋಡಿಸಬೇಕು. ಹಡಗು ಅಲುಗುವಾಗ ಇದು ಎಂಥ ಕೆಲಸ ಅಂತ ಕೇಳಬೇಡಿ. ಒಂದು ಸೀನಿಗೆ ಅರ್ಧ ಗಂಟೆಯ ದುಡಿಮೆ ಹಾರಿಹೋಯಿತು.

ಆ ಚಿಪ್ಪುಗಳಲ್ಲಿ ಎಡಮುರಿಯವೇ ಜಾಸ್ತಿ. ನಡುನಡುವೆ ಗಾಜಿನ ಚೂರಿನಂಥ ಮರಳಿನ ಕಣಗಳು. ಮೂರು ಕಿಲೋಮೀಟರ್ ಆಳಕ್ಕೆ, ದಡದಿಂದ ಇಷ್ಟು ದೂರಕ್ಕೆ ಅಂಥ ಮರಳನ್ನು ಯಾವ ನದಿ ತರುತ್ತದೆ? ನದಿಯಲ್ಲ, ಹಿಮಗಡ್ಡೆ. ಉತ್ತರದಿಂದ ತೇಲಿ ಬಂದ ಹಿಮಗಡ್ಡೆಗಳು ಇಲ್ಲಿ ಕರಗಿ, ಒಳಗಿದ್ದ ಕಲ್ಲುಮರಳನ್ನು ಉದುರಿಸಿ ಹೋಗಿವೆ. ಇಂಥ ಪದರಗಳನ್ನು ಹಾರ್ಟ್‌ಮುಟ್ ಹೈನ್ರಿಕ್ ಎಂಬ ವಿಜ್ಞಾನಿ 1988ರಲ್ಲಿ ವಿವರಿಸಿದ್ದರು, ಹೆಸರೂ ಅವರದ್ದೇ. ಕರಗಿದ ಸಿಹಿನೀರು ಸಮುದ್ರದ ಮೇಲೆ ಹರಡಿದರೆ ನೀರು ಹಗುರ. ಹಗುರವಾದದ್ದು ಮುಳುಗುವುದಿಲ್ಲ. ಮುಳುಗದಿದ್ದರೆ ಆ ದೊಡ್ಡ ಹರಿವು ಸೊರಗುತ್ತದೆ.

ಕಿಟಕಿಯಿಂದ ಹೊರಗೆ ನೋಡಿದೆ. ನೀಲಿ ನೀರು, ಬಿಸಿಲು. ಇಲ್ಲಿ ಹಿಮಗಡ್ಡೆ ತೇಲುತ್ತಿತ್ತು ಅಂತ ಕಾಗದದಲ್ಲಿ ಓದಿದ್ದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆನೇನೋ. ಕುಂಚದ ತುದಿಯಲ್ಲಿ ಅದರ ಮರಳು ಕೂತಿತ್ತು.

ಹಡಗು ಬಂದರಿಗೆ ಮರಳಿದ ದಿನ ತುಂಡುಗಳನ್ನೆಲ್ಲ ನಾಲ್ಕು ಡಿಗ್ರಿಯ ಕಂಟೇನರಿಗೆ ತುಂಬಿದರು. ಚಿಪ್ಪುಗಳನ್ನು ಆರಿಸಿ ಅಳೆದು ಮುಗಿಸಲು ಇನ್ನು ಒಂದೆರಡು ವರ್ಷ ಬೇಕಂತೆ. ನಾಲ್ಕನೇ ತುಂಡಿನ ಮೇಲೆ ನನ್ನ ಹಳೆಯ ಬಾಣಕ್ಕೆ ಕಾಟು ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯ ಹೊಸ ಬಾಣ ಬರೆದಿತ್ತು. ಬಾಗಿಲು ಹಾಕುವ ಮೊದಲು ಒಳಗೆ ಹೋಗಿ ನೀಲಿ ಮುಚ್ಚಳ ಯಾವ ಕಡೆಗಿದೆ ಅಂತ ಇನ್ನೊಮ್ಮೆ ನೋಡಿ ಬಂದೆ. ಬಾಗಿಲು ಹಿಡಿದು ನಿಂತವನು ಏನಾಯಿತು ಅಂತ ಕೇಳಿದ. ಏನಿಲ್ಲ, ಸುಮ್ನೆ ಅಂದೆ.