ಮರದ ತೂಕ ಎಲ್ಲಿಂದ ಬಂತು?

ಗಿಡಮರಗಳ ವಿಜ್ಞಾನವನ್ನು ಜನರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಇದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕೈಹಿಡಿದದ್ದು ಒಂದೇ ಅಭ್ಯಾಸ. ನಾನು ಬಾಯಿ ಬಿಡುವ ಮೊದಲು ಅವರ ಬಾಯಿ ಬಿಡಿಸುವುದು.

ಒಂದು ದಪ್ಪ ಕೊರಡನ್ನು ಕೈಗೆ ಕೊಟ್ಟು, ಇದರ ತೂಕ ಎಲ್ಲಿಂದ ಬಂತು ಅಂತ ಕೇಳುತ್ತೇನೆ. ಹೆಚ್ಚಿನವರು ‘ಮಣ್ಣಿಂದ’ ಅನ್ನುತ್ತಾರೆ. ಓದಿದವರೂ ಅಷ್ಟೇ. ದ್ಯುತಿಸಂಶ್ಲೇಷಣೆಯ, ಅಂದರೆ ಎಲೆ ಬಿಸಿಲಿನ ಬಲದಿಂದ ಆಹಾರ ತಯಾರಿಸುವ ಕ್ರಿಯೆಯ, ಸಮೀಕರಣ ಬಾಯಿಪಾಠ ಇರುತ್ತದೆ, ಆದರೆ ಅದಕ್ಕೂ ಕೈಯಲ್ಲಿರುವ ಕಟ್ಟಿಗೆಗೂ ಸಂಬಂಧ ಇದೆ ಅಂತ ಹೊಳೆದಿರುವುದಿಲ್ಲ. ಆಗ ತಪ್ಪು ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ನಾನು ಹದಿನೇಳನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ಕಥೆಗೆ ಇಳಿಯುತ್ತೇನೆ. ಆತ ಸುಮಾರು 90 ಕಿಲೋ ಒಣ ಮಣ್ಣು ತುಂಬಿದ ಕುಂಡದಲ್ಲಿ ಎರಡು ಕಿಲೋ ಚಿಲ್ಲರೆ ತೂಕದ ವಿಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಮರ 76 ಕಿಲೋ ದಾಟಿತು. ಮಣ್ಣು ಕಮ್ಮಿಯಾದದ್ದು ಸುಮಾರು 60 ಗ್ರಾಂ. ಹಾಗಾದರೆ ಎಲ್ಲಾ ನೀರಿನಿಂದಲೇ ಅಂದುಕೊಂಡ ಪುಣ್ಯಾತ್ಮ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಇದು ಅಚ್ಚಾಯಿತು.

ಇಲ್ಲಿ ಸುಮ್ನಾಗಿಬಿಡುತ್ತೇನೆ. ಯಾರಾದರೂ ‘ಗಾಳಿ?’ ಅನ್ನುವವರೆಗೂ ಕಾಯಬೇಕು, ಮುಜುಗರವಾದರೂ ಸರಿ. ತಮಾಷೆ ಅಂದ್ರೆ, ಇದ್ದಿಲು ಉರಿದಾಗ ಬರುವ ಅನಿಲದ, ಅಂದರೆ ಈಗ ನಾವು ಕಾರ್ಬನ್ ಡೈಆಕ್ಸೈಡ್ ಅನ್ನುವುದರ, ಬಗ್ಗೆ ಬರೆದವನೂ ಇದೇ ಹೆಲ್ಮಾಂಟ್. ಗಾಳಿಯಿಂದ ಎಲೆ ಎಳೆದುಕೊಳ್ಳುವುದೂ ಅದನ್ನೇ, ಕಟ್ಟಿಗೆಯ ತೂಕದ ಬಹುಪಾಲು ಬರುವುದೂ ಅದರಿಂದಲೇ ಅಂತ ಅವನಿಗೆ ಗೊತ್ತಾಗಲಿಲ್ಲ.

ಗಾಳಿ ಒಳಗೆ ಹೋಗುವ ದಾರಿಯನ್ನು ಮಾತ್ರ ಕಣ್ಣಿಗೇ ತೋರಿಸಬೇಕು. ಎಲೆಯ ಕೆಳಮೈಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಸೆಲ್ಲೋ ಟೇಪ್ ಅಂಟಿಸಿ ಕಿತ್ತು, ಗಾಜಿನ ಸ್ಲೈಡಿಗೆ ಒತ್ತಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಪತ್ರರಂಧ್ರಗಳ ಅಚ್ಚು ಕಾಣುತ್ತದೆ, ಒಂದೊಂದೂ ಅರೆತೆರೆದ ತುಟಿಯ ಹಾಗೆ. ರೋಮ ಇರುವ ಎಲೆ ಬೇಡ, ಅಚ್ಚು ಸರಿಯಾಗಿ ಏಳುವುದಿಲ್ಲ.

ರಾತ್ರಿ ಮರದ ಕೆಳಗೆ ಮಲಗಬಾರದಂತೆ, ಹೌದಾ? ಈ ಪ್ರಶ್ನೆ ಬಂದೇ ಬರುತ್ತದೆ. ಮೂಢನಂಬಿಕೆ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ, ಅರ್ಧ ನಿಜ ಅದರಲ್ಲಿದೆ ಅಲ್ವಾ? ಗಿಡ ಹಗಲೂ ರಾತ್ರಿ ಉಸಿರಾಡುತ್ತದೆ, ಕತ್ತಲಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಬಯಲಲ್ಲಿ ಅದು ಚದುರಿಹೋಗುತ್ತದೆ ಅಷ್ಟೇ. ಕೋಣೆಯ ಕುಂಡದ ಬಗ್ಗೆ ಕೇಳಿದರೆ, ಪಕ್ಕದಲ್ಲಿ ಮಲಗಿದವರು ಅದಕ್ಕಿಂತ ಎಷ್ಟೋ ಜಾಸ್ತಿ ಬಿಡುತ್ತಾರೆ, ಅವರನ್ನು ಆಚೆ ಕಳಿಸುತ್ತೀರಾ ಅನ್ನುತ್ತೇನೆ. ನಗುತ್ತಾರೆ. ಕ್ಯಾಕ್ಟಸ್ ನೀರು ಉಳಿಸಲು ರಂಧ್ರಗಳನ್ನು ರಾತ್ರಿಯೇ ತೆರೆಯುತ್ತದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅದೂ ಯಾರಾದರೂ ಕೇಳಿದರೆ.