ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಬಂದ ಅಮ್ಮ

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಸ್ಟಾಫ್ ನರ್ಸ್. ಕಿಮೋ ಡೇ ಕೇರ್‌ನಲ್ಲಿ ಹನ್ನೊಂದು ವರ್ಷ ಆಯಿತು. ಹೋದ ಏಪ್ರಿಲ್‌ನ ಒಂದು ಬೆಳಗ್ಗೆ ಇನ್ನೂ ನನ್ನನ್ನು ಕುಟುಕುತ್ತದೆ.

ಚಿತ್ರದುರ್ಗದ ಕಡೆಯ ಒಬ್ಬ ಅಮ್ಮ. ಸ್ತನ ಕ್ಯಾನ್ಸರ್, ಎಸಿ ಅನ್ನುವ ಎರಡು ಔಷಧಿಗಳ ಕಿಮೋ, ಮೂರನೇ ಸೈಕಲ್ ಅಂದರೆ ಮೂರನೇ ಸುತ್ತು ಮುಗಿದು ಹತ್ತನೇ ದಿನ. ಪೀಣ್ಯದಲ್ಲಿ ಮಗಳ ಮನೆಯಲ್ಲಿ ಇದ್ದರು. ಅವತ್ತು ಅಪಾಯಿಂಟ್‌ಮೆಂಟ್ ಇರಲಿಲ್ಲ. 10:20ಕ್ಕೆ ಮಗಳು ಕೈ ಹಿಡಿದು ಕರೆದುಕೊಂಡು ಬಂದಳು. ‘ಸ್ವಲ್ಪ ಸುಸ್ತು ಅಂತಾರೆ ಸಿಸ್ಟರ್, ಒಮ್ಮೆ ನೋಡಿ.’

ಟೆಂಪರೇಚರ್ 98.8. ಬಿಪಿ 104/70. ಪಲ್ಸ್ 118. ಲಿಫ್ಟ್ ಕೆಟ್ಟಿತ್ತು, ಎರಡು ಮಹಡಿ ಹತ್ತಿ ಬಂದಿದ್ದಾರೆ, ಅದಕ್ಕೇ ಪಲ್ಸ್ ಜಾಸ್ತಿ ಅಂದುಕೊಂಡೆ. ಆ ಬಿಸಿಲಲ್ಲಿ ಅವರು ಉಣ್ಣೆ ಸ್ವೆಟರ್ ಹಾಕಿದ್ದರು, ತಲೆಗೆ ಟವೆಲ್ ಸುತ್ತಿದ್ದರು. ನೋಡಿದೆ. ಕೂದಲು ಉದುರಿದೆ, ಮುಜುಗರ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ‘ಕೂತ್ಕೊಳ್ಳಿ ಅಮ್ಮ, ಡಾಕ್ಟರ್ ರೌಂಡ್ಸ್ ಮುಗಿಸಿ ಬರ್ತಾರೆ’ ಅಂದು ಬೇರೆ ಬೆಡ್‌ಗೆ ಹೋದೆ. ಅವತ್ತು ಹದಿನಾಲ್ಕು ಕಿಮೋ ಇತ್ತು, ನಾವು ಮೂರೇ ಜನ.

ಹತ್ತನೇ ದಿನ ಅನ್ನೋದು ಫೈಲ್ ಮೇಲೆಯೇ ಇತ್ತು. ಸೋಂಕು ತಡೆಯುವ ಬಿಳಿ ರಕ್ತಕಣಗಳ ಕೌಂಟ್ ಬೀಳೋದು ಏಳರಿಂದ ಹದಿನಾಲ್ಕನೇ ದಿನದ ಒಳಗೆ ಅಂತ ಹೊಸ ಹುಡುಗಿಯರಿಗೆ ಪಾಠ ಹೇಳೋಳೇ ನಾನು.

10:55ಕ್ಕೆ ಮಗಳು ಕೂಗಿದಳು. ಹೋಗಿ ನೋಡಿದರೆ ಅಮ್ಮನ ಹಲ್ಲು ಕಟಕಟ ಅನ್ನುತ್ತಿದೆ, ತುಟಿ ಬಿಳಚಿಕೊಂಡಿದೆ. ಬಿಪಿ 84/50. ಟೆಂಪರೇಚರ್ 102.2. ಕ್ಯಾನುಲಾ ಹಾಕಲು ಹೋದರೆ ಕಿಮೋಗೆ ಸುಟ್ಟ ನರಗಳು ಸಿಗುತ್ತಿಲ್ಲ. ಒಂದು, ಎರಡು, ಮೂರನೇ ಸಲಕ್ಕೆ ಸಿಕ್ಕಿತು. ಯಾವ ಸೋಂಕು ಅಂತ ನೋಡಲು ಕಲ್ಚರ್‌ಗೆ ರಕ್ತ ತೆಗೆದು ಸಲೈನ್ ಹರಿಯಬಿಟ್ಟೆವು. ಡಾಕ್ಟರ್ ಓಡಿ ಬಂದು ಪಿಪ್‌ಟ್ಯಾಜ್ ಅನ್ನುವ ಆಂಟಿಬಯೋಟಿಕ್ 4.5 ಗ್ರಾಂ ಈಗಲೇ ಅಂದರು. ಫಾರ್ಮಸಿಗೆ ಇಂಡೆಂಟ್ ಹಾಕಿದರೆ ಸಾಫ್ಟ್‌ವೇರ್ ತಡೆಯಿತು. ದೊಡ್ಡ ಆಂಟಿಬಯೋಟಿಕ್‌ಗೆ ಕನ್ಸಲ್ಟೆಂಟ್ ಲಾಗಿನ್‌ನಿಂದಲೇ ಅಪ್ರೂವಲ್ ಬೇಕಂತೆ, ಅವರು ಆಪರೇಷನ್ ಥಿಯೇಟರ್‌ನಲ್ಲಿ. ಕೊನೆಗೆ ನಮ್ಮ ಹುಡುಗಿಯೊಬ್ಬಳು ಐಸಿಯುಗೆ ಓಡಿ ಸಾಲ ತಂದಳು. ಮೊದಲ ಡೋಸ್ ಹೋದಾಗ 11:25. ಇಂಥ ರೋಗಿ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಮೈಗೆ ಸೇರಬೇಕು. ಅರವತ್ತೈದು ನಿಮಿಷ ಆಗಿತ್ತು. ಅದರಲ್ಲಿ ಮೂವತ್ತೈದು ನನ್ನವು.

ಟೋಟಲ್ ಕೌಂಟ್ 600 ಅಂತ ಬಂತು. ಅದರಲ್ಲಿ ಸೋಂಕಿನ ಜೊತೆ ಮೊದಲು ಹೋರಾಡುವ ಕಣಗಳ ಲೆಕ್ಕ, ಎಎನ್‌ಸಿ, ಬರೀ 90.

ಸಂಜೆ ಬಿಪಿ ಸುಧಾರಿಸಿದ ಮೇಲೆ ಮಗಳನ್ನು ಕೇಳಿದೆ. ಹಿಂದಿನ ರಾತ್ರಿಯಿಂದಲೇ ಚಳಿ ಇತ್ತಂತೆ. ಅಮ್ಮ ಡೋಲೋ ನುಂಗಿದ್ದಾರೆ. ಬೆಳಗ್ಗೆ ಹೊರಡುವ ಮುಂಚೆ ಇನ್ನೊಂದು. ನನ್ನ ಥರ್ಮಾಮೀಟರ್ ತೋರಿಸಿದ್ದು ಆ ಮಾತ್ರೆಯನ್ನು. ‘ಯಾಕಮ್ಮ ಹೇಳಲಿಲ್ಲ?’ ಅಂದೆ.

‘ನೀವೇ ಹೇಳಿದ್ರಲ್ಲಮ್ಮಾ, ಜ್ವರ ಬಂದ್ರೆ ಕಿಮೋ ಕೊಡಲ್ಲ ಅಂತ.’

ಹೇಳಿದ್ದೆ. ಎರಡನೇ ಸೈಕಲ್ ದಿನ, ಡಿಸ್ಚಾರ್ಜ್ ಫೈಲ್ ಕೊಡುವಾಗ, ಕೇರ್ಫುಲ್ ಆಗಿರಲಿ ಅಂತ. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು. ಅವರಿಗೆ ಅದು ಬೆದರಿಕೆಯಾಗಿ ಕೇಳಿಸಿತ್ತು. ಜ್ವರ ಬಂದರೆ ಓಡಿ ಬರಲಿ ಅಂತ ಹೇಳಿದ ಮಾತಿಗೆ ಅವರು ಜ್ವರವನ್ನೇ ಮುಚ್ಚಿಟ್ಟರು.

ಎಂಟು ದಿನ ಅಡ್ಮಿಟ್ ಆಗಿದ್ದರು, ಸೈಡ್ ರೂಮಿನಲ್ಲಿ. ಮೂರನೇ ದಿನ ಮತ್ತೆ 101.4, ಮೆರೋಪೆನಮ್ ಅನ್ನುವ ಇನ್ನೊಂದು ಆಂಟಿಬಯೋಟಿಕ್‌ಗೆ ಬದಲಾಯಿಸಿದರು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಹಾಗಾಗೋದು ಜಾಸ್ತಿಯೇ. ಊರಿಂದ ತಂಗಿ ಮಲ್ಲಿಗೆ ಹೂವು ತಂದಿದ್ದರು, ಬಾಗಿಲಲ್ಲೇ ತಡೆದೆವು. ಒಬ್ಬರಿಗೆ ಮಾತ್ರ ಒಳಗೆ ಬಿಡುತ್ತಿದ್ದೆವು, ಅದೂ ಮಾಸ್ಕ್ ಹಾಕಿಸಿ. ಹಗಲೆಲ್ಲ ಗೋಡೆ ನೋಡಿಕೊಂಡು ಮಲಗಿರುತ್ತಿದ್ದರು. ನಾನು ಹೋದಾಗಲೆಲ್ಲ ‘ಧೈರ್ಯವಾಗಿರಿ ಅಮ್ಮ’ ಅನ್ನುತ್ತಿದ್ದೆ. ತಲೆ ಆಡಿಸುತ್ತಿದ್ದರು, ಅಷ್ಟೇ.

ನಾಲ್ಕನೇ ದಿನ ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗೆ ಮಡಚಿಟ್ಟ ಕ್ಯಾಲೆಂಡರ್ ಹಾಳೆ ಸಿಕ್ಕಿತು. ಇಪ್ಪತ್ತೊಂದು ದಿನಕ್ಕೊಂದು ಕೆಂಪು ಸುತ್ತು. ಮೂರಕ್ಕೆ ಅಡ್ಡಗೀಟು ಎಳೆದಿದ್ದರು. ಮೂರನೇ ಗೀಟನ್ನು ಉಗುರಿನಿಂದ ಕೆರೆದಿದ್ದರು, ಹಾಳೆ ಹರಿಯುವಷ್ಟು.

‘ಮತ್ತೆ ಮೊದಲಿಂದ ಶುರು ಮಾಡ್ಬೇಕಲ್ವಾ?’ ಅಂತ ಕೇಳಿದರು.

ನಾಲ್ಕು ದಿನ ಈ ಹೆಂಗಸು ಇದನ್ನೇ ನೆನೆದು ಮಲಗಿದ್ದಾರೆ. ಡಾಕ್ಟರ್, ಡ್ಯೂಟಿ ಡಾಕ್ಟರ್, ಡಯಟೀಶಿಯನ್, ನಾನು, ಎಲ್ಲರೂ ಬಂದು ಹೋದೆವು. ಒಬ್ಬರೂ ಈ ಒಂದು ಮಾತು ಹೇಳಿರಲಿಲ್ಲ. ಅಲ್ಲೇ ಕೂತು ಹೇಳಿದೆ: ಇಲ್ಲಮ್ಮ, ಆದ ಮೂರು ಆದ ಹಾಗೇ. ನಾಲ್ಕನೆಯದು ಒಂದು ವಾರ ತಡವಾಗಬಹುದು, ಡಾಕ್ಟರ್ ದಿನ ಹೇಳ್ತಾರೆ. ಆಮೇಲೆ ಕೌಂಟ್ ಬೀಳದ ಹಾಗೆ ಮಾರನೇ ದಿನ ಒಂದು ಇಂಜೆಕ್ಷನ್ ಕೊಡ್ತಾರೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ ಪೆನ್ ಕೇಳಿದರು.

ಅವತ್ತಿಂದ ಬೆಳಗ್ಗೆ ರಿಪೋರ್ಟ್ ಬಂದ ತಕ್ಷಣ ನಾನೇ ಹೋಗಿ ಕೌಂಟ್ ಹೇಳುತ್ತಿದ್ದೆ. ಆ ಹಾಳೆಯ ಹಿಂದೆ ಬರೆದುಕೊಳ್ಳುತ್ತಿದ್ದರು. 500. 700. 1,100. 2,400. 700ರ ದಿನ ರಾಗಿ ಗಂಜಿ ಕೇಳಿ ಕುಡಿದರು. ಅಷ್ಟು ದಿನ ಬಲವಂತ ಮಾಡಿದರೂ ಲೋಟ ಮುಟ್ಟಿರಲಿಲ್ಲ.

ಈಗ ಯಾರೇ ಬಂದರೂ ಥರ್ಮಾಮೀಟರ್ ಇಡುವ ಮುಂಚೆ ‘ನಿನ್ನೆಯಿಂದ ಯಾವ ಮಾತ್ರೆ ನುಂಗಿದ್ದೀರಿ?’ ಅಂತ ಕೇಳುತ್ತೇನೆ. ಕಿಮೋ ಆದ ಎರಡು ವಾರದೊಳಗಿನವರನ್ನು ಬೆಂಚಿನ ಮೇಲೆ ಕೂರಿಸುವುದಿಲ್ಲ, ಯಾರ ರೌಂಡ್ಸ್ ನಡೆಯುತ್ತಿದ್ದರೂ ಸರಿ. ಮೊದಲ ಡೋಸ್ ವಾರ್ಡ್ ಸ್ಟಾಕ್‌ನಲ್ಲೇ ಇಡಿ ಅಂತ ಮ್ಯಾನೇಜ್‌ಮೆಂಟ್‌ಗೆ ಮೂರು ಸಲ ಬರೆದುಕೊಟ್ಟಿದ್ದೇನೆ. ಆಡಿಟ್‌ಗೆ ತೊಂದರೆಯಂತೆ. ನಾಲ್ಕನೇ ಸಲವೂ ಬರೆಯುತ್ತೇನೆ.

ಮನೆಗೆ ಕೊಡುವ ಸೂಚನೆ ಹಾಳೆ ನಮ್ಮಲ್ಲಿ ಇಂಗ್ಲಿಷ್‌ನಲ್ಲಿತ್ತು. ಕನ್ನಡದಲ್ಲಿ ಕೈಯಲ್ಲೇ ಬರೆದೆ. ‘ಜ್ವರ 100.4 ದಾಟಿದರೆ ರಾತ್ರಿ ಎರಡು ಗಂಟೆಯಾದರೂ ಬನ್ನಿ. ಬರುವ ಮುಂಚೆ ಜ್ವರದ ಮಾತ್ರೆ ಕೊಡಬೇಡಿ. ಕಿಮೋ ತಡವಾಗಬಹುದು, ಮೊದಲಿಂದ ಶುರುವಾಗುವುದಿಲ್ಲ.’ ಜೆರಾಕ್ಸ್ ಮಾಡಿಸುವ ಮುಂಚೆ ಆ ಅಮ್ಮನ ಮಗಳಿಗೆ ತೋರಿಸಿದೆ. ಎರಡು ಸಲ ಓದಿದಳು.

‘ಜ್ವರ ಅಂತ ಮಾತ್ರ ಬರೀಬೇಡಿ ಸಿಸ್ಟರ್. ಅಮ್ಮ ಆ ರಾತ್ರಿ ಜ್ವರ ಅನ್ನಲೇ ಇಲ್ಲ. ಚಳಿ ಅಂದ್ರು, ಸ್ವೆಟರ್ ಕೊಡು ಅಂದ್ರು.’

ಮೊದಲ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿಸಿದೆ: ‘ಚಳಿ ಚಳಿ ಅಂದರೂ ಬನ್ನಿ.’